ಮೊದಲು ಲೈಸೆನ್ಸ್ ನೋಡಿ, ಬಂದೂಕು ಆಮೇಲೆ

ಕಲಘಟಗಿ, ಹಾನಗಲ್ ಕಡೆ ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಹಂದಿ ಕಾಟ ಶುರು. ಬೆಳೆ ಕಾಯಲು ಲೈಸೆನ್ಸ್ ಪಡೆದವರು ರಾತ್ರಿ ಬಂದೂಕು ಹಿಡಿದೇ ಹೊಲಕ್ಕೆ ಹೋಗುತ್ತಾರೆ. ತಡಸ ಕ್ರಾಸ್‌ನಂಥ ಕಡೆ ಗಾಡಿ ನಿಲ್ಲಿಸಿದ ಪೊಲೀಸರು "ಏನದು, ತೆಗಿ ಹೊರಗ" ಅಂದರೆ ಅಲ್ಲೇ ತಪ್ಪಿತು.

1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಕಲಂ ಹೇಳುವುದು ಲೈಸೆನ್ಸ್ ಕೇಳಿ ಅಂತ. ತೋರಿಸದಿದ್ದರೆ ಹೆಸರು, ವಿಳಾಸ ಕೇಳಬಹುದು. ಅಗತ್ಯ ಕಂಡರೆ ಆಯುಧ ಜಪ್ತಿ ಮಾಡಬಹುದು. ಕತ್ತಲಲ್ಲಿ, ರಸ್ತೆ ಬದಿಯಲ್ಲಿ, ಕೈಯಿಂದ ಕೈಗೆ ದಾಟುವಾಗಲೇ ಗುಂಡು ಹಾರುವ ಅಪಾಯ ಹೆಚ್ಚು.

ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು (ಮದ್ದಿಗೆ ಕಿಡಿ ಹತ್ತಿಸುವ ಸಣ್ಣ ಟೋಪಿ) ಇಟ್ಟು ಹಾರಿಸುವ ಕೇಪಿನ ಬಂದೂಕನ್ನೇ ನೋಡಿ. ಕೇಪು ಕಿತ್ತರೆ ಖಾಲಿಯಾಯಿತು ಅಂದುಕೊಳ್ಳುವವರೇ ಬಹಳ. ಮದ್ದು, ಚರೆ ನಳಿಗೆಯ ತಳದಲ್ಲಿ ಹಾಗೇ ಕೂತಿರುತ್ತವೆ. ಕೇಪು ತೆಗೆದ ಮೇಲೆ, ಮುಖ ಪಕ್ಕಕ್ಕಿಟ್ಟು ನಳಿಗೆಯೊಳಗೆ ಗಜ (ಮದ್ದು ಒತ್ತುವ ಉದ್ದ ಕಡ್ಡಿ) ಇಳಿಸಬೇಕು. ತಳ ಮುಟ್ಟದೆ ಮೇಲೆಯೇ ನಿಂತರೆ ತುಂಬಿದೆ ಎಂದರ್ಥ. ಟ್ರಿಗರ್ ಎಳೆದು ಪರೀಕ್ಷಿಸುವ ಕೆಟ್ಟ ಚಾಳಿ ಮಾತ್ರ ಯಾರಿಗೂ ಬೇಡ. 12 ಬೋರ್ ಜೋಡುನಳಿಗೆ ಸುಲಭ: ಮಡಚಿ ತೆರೆದು ಎರಡೂ ತೂತು ನೋಡಿದರಾಯಿತು. ಪಿಸ್ತೂಲಿನಲ್ಲಿ ಮೊದಲು ಮ್ಯಾಗಜಿನ್ (ಗುಂಡಿನ ಡಬ್ಬಿ) ತೆಗೆಯಬೇಕು, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆಯಬೇಕು. ಕ್ರಮ ತಿರುವಿದರೆ ಒಂದು ಗುಂಡು ಹೊರಬಿದ್ದು ಇನ್ನೊಂದು ಒಳಗೆ ಏರಿರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದರೂ ಅದು ಅಲ್ಲೇ ಇರುತ್ತದೆ.

ಇದನ್ನು ಬಲ್ಲ ಒಬ್ಬರೇ ಮುಟ್ಟಬೇಕು. ಅಂಥವರು ಸ್ಥಳದಲ್ಲಿ ಇಲ್ಲದಿದ್ದರೆ ಬಂದೂಕಿನ ಚೀಲ ಮುಚ್ಚಿದ್ದು ಮುಚ್ಚಿದಂತೆಯೇ ಠಾಣೆಗೆ ಹೋಗಲಿ, ಬಂದೂಕಿನ ನಂಬರನ್ನು ಲೈಸೆನ್ಸಿನೊಂದಿಗೆ ತಾಳೆ ನೋಡುವುದು ಅಲ್ಲೇ ನಡೆಯಲಿ.

ಲೈಸೆನ್ಸುದಾರರದ್ದೂ ಹೊಣೆ ಇದೆ. ಬಂದೂಕು ಖಾಲಿ ಇರಲಿ, ಕವರಿನಲ್ಲಿರಲಿ, ತೋಟಾ ಬೇರೆ ಕಡೆ ಇರಲಿ. ಲೈಸೆನ್ಸ್ ಪುಸ್ತಕ ಅಂಗಿ ಜೇಬಿನಲ್ಲಿರಲಿ. ಬಹಳ ಜನ ಅದನ್ನು ಬಂದೂಕಿನ ಚೀಲದಲ್ಲೇ ತುರುಕಿರುತ್ತಾರೆ. ಕಾಗದಕ್ಕೆ ಕೈ ಹಾಕಿದರೂ ಪೊಲೀಸರಿಗೆ ಅದು ಬಂದೂಕಿಗೆ ಹಾಕಿದಂತೆ ಕಾಣುತ್ತದೆ. ಗಾಡಿ ನಿಂತ ಕೂಡಲೇ ಕೈ ಸ್ಟೇರಿಂಗ್ ಮೇಲಿಟ್ಟು "ಲೈಸೆನ್ಸ್ ಬಂದೂಕು ಹಿಂದಿನ ಸೀಟಿನಲ್ಲಿದೆ, ಖಾಲಿ ಇದೆ" ಅನ್ನಿ.

ಪುಸ್ತಕದಲ್ಲಿ ನೋಡಬೇಕಾದ್ದು ಅವಧಿ, ಯುಐಎನ್ (ಲೈಸೆನ್ಸುದಾರರ ವಿಶಿಷ್ಟ ಗುರುತಿನ ಸಂಖ್ಯೆ), ಬಂದೂಕಿನ ನಂಬರ್ ಮತ್ತು ಯಾವ ಪ್ರದೇಶಕ್ಕೆ ಚಾಲ್ತಿ ಎಂಬುದು. ಹುಬ್ಬಳ್ಳಿ-ಧಾರವಾಡ ನಗರದಲ್ಲಿ ಪೊಲೀಸ್ ಕಮಿಷನರ್, ಗದಗ ಹಾವೇರಿಯಲ್ಲಿ ಡಿಸಿ ಲೈಸೆನ್ಸ್ ಕೊಡುತ್ತಾರೆ. ಸಹಿ ಬೇರೆ ಕಂಡಿತೆಂದು ನಕಲಿ ಅನ್ನಬಾರದು.

ಜಪ್ತಿ ಮಾಡಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್‌) 105ನೇ ಕಲಂ ಪ್ರಕಾರ ವಿಡಿಯೊ ಆಗಲೇಬೇಕು. ಪಂಚನಾಮೆಗೆ ಸಹಿ ಹಾಕುವ ಮುನ್ನ ಬಂದೂಕಿನ ನಂಬರ್, ತೋಟಾಗಳ ಎಣಿಕೆ, ನಳಿಗೆ ಮತ್ತು ಹಿಡಿಯ ಸ್ಥಿತಿ ಅದರಲ್ಲಿ ಇದೆಯೇ ಅಂತ ಓದಿಕೊಳ್ಳಿ. ನಂಬರಿನ ಒಂದಂಕಿ ತಪ್ಪಿದರೂ ಮುಂದೆ ಬಿಡಿಸಿಕೊಳ್ಳಲು ಕೋರ್ಟಿಗೆ ಅಲೆಯಬೇಕಾಗುತ್ತದೆ.