ಮೂರು ಕೂಗು, ಹದಿನೇಳು ಮಾತ್ರೆ

ನಮ್ಮ ಬೀದಿಯಲ್ಲಿ ನನಗೆ ‘ಓದಿಕೊಂಡವರು’ ಅಂತ ಹೆಸರು. ಕಾರಣ ಇಷ್ಟೇ: ಮನೇಲಿ ಎರಡು ಬೀರು ಪುಸ್ತಕವಿದೆ, ಮೂಗಿನ ಮೇಲೆ ಕನ್ನಡಕವಿದೆ, ಸಂಜೆ ಏಳಕ್ಕೆ ನಾನು ಮನೆಯಲ್ಲಿ ಸಿಗುತ್ತೇನೆ.

ಮೊನ್ನೆ ಪಕ್ಕದ ಮನೆಯ ಹುಡುಗಿ ತಮ್ಮನನ್ನೂ ಎಳೆದುಕೊಂಡು ಹೋಂವರ್ಕ್ ತಂದಳು. ನನ್ನಾಕೆ ದೇವಸ್ಥಾನಕ್ಕೆ ಹೊರಟಿದ್ದಳು. “ರೀ, ಬೇಳೆ ಇಟ್ಟಿದೀನಿ, ಮೂರು ಕೂಗಿದ ಮೇಲೆ ಆರಿಸಿ. ಮೋಟ್ರೂ ಹಾಕಿದೀನಿ.” ಹೂಂ ಅಂದೆ.

ಮೊದಲು ಭಾಮಿನಿ ಷಟ್ಪದಿ. ನನಗದು ಅಂಗೈ ನೆಲ್ಲಿಕಾಯಿ. ಮೂರು, ನಾಲ್ಕು, ಮೂರು, ನಾಲ್ಕು. ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ ಮಾತ್ರ 23. “ಪುಸ್ತಕ ಯಾಕಮ್ಮ, ಬಾಯಿಪಾಠ ಇದೆ” ಎಂದು ಕುಮಾರವ್ಯಾಸನ ನಾಂದಿಯನ್ನೇ ಬರೆದೆ: ‘ಶ್ರೀವನಿತೆಯರಸನೆ ವಿಮಲ ರಾಜೀವ’. ಪ್ರಸ್ತಾರ ಹಾಕಿ ಎಣಿಸಿದರೆ 17! ಬೆರಳು ಮಡಚಿ ಎಣಿಸಿದೆ, 17. ಮತ್ತೆ ಎಣಿಸುವಾಗ ಕುಕ್ಕರ್ ಕೂಗಿತು. ಅದನ್ನೂ ಸೇರಿಸಿಬಿಟ್ಟೆನೋ ಏನೋ, 18 ಬಂತು.

“ದೊಡ್ಡ ಕವಿಗಳು ಹೀಗೆ ಸ್ವಲ್ಪ ಸ್ವಾತಂತ್ರ್ಯ ತಗೋತಾರೆ ಕಣಮ್ಮ” ಎಂದೆ. ಗದುಗಿನ ವೀರನಾರಾಯಣ ಕ್ಷಮಿಸಲಿ.

ಹುಡುಗಿ ಪೆನ್ಸಿಲ್ ತುದಿ ಕಚ್ಚುತ್ತ, “ಅಂಕಲ್, ‘ರಾ’ ಮೇಲಿನ ಸಾಲಿಗೆ, ‘ಜೀವ’ ಕೆಳಗಿನ ಸಾಲಿಗೆ ಅಲ್ವಾ? ಮಿಸ್ ಹಾಗೇ ಬರೆಸಿದ್ರು” ಎಂದಳು. ಹೌದಲ್ಲ! ಮಾತ್ರೆ ತುಂಬಿದ ಕಡೆ ಕವಿ ಮುಲಾಜಿಲ್ಲದೆ ಪದ ಮುರಿದಿದ್ದಾನೆ. ಕನಿಕರಪಟ್ಟು ಜೋಡಿಸಿದವನು ನಾನು. “ನಿನಗೆ ಗೊತ್ತಾ ಅಂತ ನೋಡಿದೆ” ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ತಮ್ಮನದು ವಿಜ್ಞಾನ. ಕುಕ್ಕರಿನಲ್ಲಿ ಬೇಗ ಬೇಯುವುದು ಯಾಕೆ? ಒಳಗೆ ಆವಿ ಸೇರಿ ಒತ್ತಡ ಏರಿದರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಹೆಚ್ಚುಕಮ್ಮಿ 120ರವರೆಗೆ ಹೋಗುತ್ತದೆ, ಆ ಬಿಸಿಗೆ ಬೇಳೆ ಬೇಗ ಮೆತ್ತಗಾಗುತ್ತದೆ. ಕೈಯಾಡಿಸಿ ಹೇಳುತ್ತ ಹೇಳುತ್ತ ನನಗೇ ಖುಷಿಯಾಯಿತು.

“ಅದಕ್ಕೇ ಈ ವಾಸನೇನಾ ಅಂಕಲ್?”

ಓಡಿದೆ. ನೀರೆಲ್ಲ ಇಂಗಿ, ಬೇಳೆ ಸೀದು ಕರಿ ಬಿಲ್ಲೆಯಂತೆ ತಳಕ್ಕೆ ಅಂಟಿತ್ತು.

ಕಿಟಕಿ ತೆರೆದು ಬಂದು ಗಣಿತಕ್ಕೆ ಕೂತೆ. ಒಂದು ನಲ್ಲಿ ತೊಟ್ಟಿಯನ್ನು 4 ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು 6 ಗಂಟೆಯಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ಬಿಟ್ಟರೆ? ಕಾಲು ಭಾಗದಲ್ಲಿ ಆರನೇ ಒಂದು ಭಾಗ ಕಳೆದರೆ ಹನ್ನೆರಡನೇ ಒಂದು, ಅಂದರೆ 12 ಗಂಟೆ. ಇದೊಂದರಲ್ಲಿ ನಾನು ತಪ್ಪಲಿಲ್ಲ, ದಯವಿಟ್ಟು ಗಮನಿಸಬೇಕು.

“ಆ ಇನ್ನೊಂದು ನಲ್ಲಿ ಮುಚ್ಚೋಕೆ ಅವರಿಗೇನಂತೆ?” ಎಂದ ಹುಡುಗ.

“ಲೆಕ್ಕ ಬರೆಯೋರಿಗೆ ನೀರಿನ ಬೆಲೆ ಗೊತ್ತಿಲ್ಲಪ್ಪ” ಎನ್ನುತ್ತಿದ್ದೆ. ಹೊರಗಿನಿಂದ ಎದುರುಮನೆಯವರ ದನಿ: “ಸಾರ್, ನಿಮ್ಮ ಟ್ಯಾಂಕು ತುಂಬಿ ರಸ್ತೆಗೆಲ್ಲ ಹರೀತಿದೆ!”

ಮೋಟ್ರು ಆರಿಸಿ ಬರುವಷ್ಟರಲ್ಲಿ ಮಕ್ಕಳಿಬ್ಬರೂ ಚೀಲ ಸಮೇತ ಮಾಯ. ನನ್ನಾಕೆ ಸೀರೆಯ ನೆರಿಗೆ ಎತ್ತಿಕೊಂಡು ನೀರು ದಾಟಿ ಒಳಗೆ ಬಂದವಳೇ ಮೂಗು ಅರಳಿಸಿದಳು.

“ಎಷ್ಟು ಕೂಗು ಕೂಗ್ತು ರೀ ಅದು?”

“ಹದಿನೇಳು” ಎಂದೆ.