ಒಣಮೀನು ಹುರಿಯುವ ತನಕ ಎಲ್ಲವೂ ಸಂಸ್ಕೃತಿಯೇ

ವಿದ್ಯಾವಂತರು ಈಚೆಗೆ ಒಂದು ವ್ರತ ಹಿಡಿದಿದ್ದಾರೆ. ಯಾರ ಆಚಾರವನ್ನೂ ತಪ್ಪು ಎನ್ನಬಾರದು. ಏನು ಕೇಳಿದರೂ ಉತ್ತರ ಒಂದೇ: ‘ಅದು ಅವರ ಸಂಸ್ಕೃತಿ ಕಣ್ರೀ, ಹೇಳೋಕೆ ನಾವ್ಯಾರು?’ ಈ ಮಾತು ಹೊರಡುವುದು ಸಾಮಾನ್ಯವಾಗಿ ಎರಡನೇ ಕಾಫಿ ಮುಗಿದ ಮೇಲೆ.

ವ್ರತಕ್ಕೆ ವಿದೇಶಿ ಮೂಲವೂ ಉಂಟು. 1947ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಬರೆಯಲು ಕೂತಾಗ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ ತಕರಾರು ತೆಗೆಯಿತು. ಒಂದು ಸಂಸ್ಕೃತಿಯ ಮಾನದಂಡದಿಂದ ಇನ್ನೊಂದನ್ನು ಅಳೆಯುವುದು ಸರಿಯೇ ಎಂದು. ತಕರಾರಿನಲ್ಲಿ ಹುರುಳಿತ್ತು, ಬಿಳಿಯರು ‘ಉದ್ಧಾರ ಮಾಡುತ್ತೇವೆ’ ಎಂದು ಹೋದ ಕಡೆಯೆಲ್ಲ ಏನಾಯಿತೆಂದು ಅವರು ಬಲ್ಲರು. ಆದರೆ 1999ರಲ್ಲಿ ಅದೇ ಸಂಘ ಮಾನವ ಹಕ್ಕುಗಳ ಪರವಾಗಿ ತಾನೇ ಘೋಷಣೆ ಹೊರಡಿಸಿತು. ಅವರು ಕಳಚಿಟ್ಟ ಕೋಟಿಗೆ ನಾವು ಇಸ್ತ್ರಿ ಹಾಕಿ ತೊಟ್ಟುಕೊಂಡಿದ್ದೇವೆ.

ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನವನ್ನೇ ನೋಡಿ. ಚಂಪಾಷಷ್ಠಿ ಹೊತ್ತಿಗೆ ಬ್ರಾಹ್ಮಣರ ಪಂಕ್ತಿ ಉಂಡು ಏಳುತ್ತಿತ್ತು. ಎಲೆ ಎತ್ತುವ ಹಾಗಿಲ್ಲ. ಅನ್ನ, ಸಾರು, ಪಾಯಸ ಕಲಸಿಹೋದ ಆ ಎಲೆಗಳ ಮೇಲೆ ಭಕ್ತರು ಕೈ ಜೋಡಿಸಿ ಉರುಳುತ್ತಿದ್ದರು. ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ.

ನಿಲ್ಲಿಸಿ ಎಂಬ ಕೂಗೆದ್ದಾಗ ವ್ರತಧಾರಿಗಳಿಗೆ ಬ್ರಹ್ಮಾಸ್ತ್ರವೇ ಸಿಕ್ಕಿತು. ಇದು ಬೇಕು ಎನ್ನುತ್ತಿರುವವರು ತೇರು ಕಟ್ಟುವ ಬುಡಕಟ್ಟಿನ ಜನ, ಮಲೆಕುಡಿಯರು! ಮಡೆಸ್ನಾನ ನಿಂತರೆ ತೇರಿನ ಕೆಲಸವನ್ನೇ ಮಾಡುವುದಿಲ್ಲ ಎಂದು ಅವರ ಮುಖಂಡರು ಪಟ್ಟು ಹಿಡಿದದ್ದು ನಿಜ. ಉರುಳುವವನೇ ಉರುಳುತ್ತೇನೆ ಎಂದ ಮೇಲೆ ನಿಮ್ಮದೇನು ತಕರಾರು? ಒಪ್ಪೋಣ. ಆದರೆ ಆ ಎಲೆಯ ಔಷಧಿಗುಣ ಯಾವಾಗಲೂ ಮೇಲಿನ ಪಂಕ್ತಿಯಿಂದ ಕೆಳಕ್ಕೇ ಹರಿಯುತ್ತಿತ್ತಲ್ಲ, ಅದೊಂದು ವಿಸ್ಮಯ. ಮಲೆಕುಡಿಯರು ಉಂಡೆದ್ದ ಎಲೆಯ ಮೇಲೆ ಮಡಿವಂತರೊಬ್ಬರು ತಮ್ಮ ಕಜ್ಜಿ ವಾಸಿಯಾಗಲೆಂದು ಉರುಳಿದ ಸುದ್ದಿ ಯಾರೂ ಕೇಳಿಲ್ಲ.

ಆಮೇಲೆ ಎಡೆಸ್ನಾನ ಎಂಬ ಮಧ್ಯಮಮಾರ್ಗ ಹುಟ್ಟಿತು. ಮನುಷ್ಯರ ಎಂಜಲು ಬೇಡ. ದೇವರ ನೈವೇದ್ಯವನ್ನು ಎಲೆಗೆ ಬಡಿಸಿ, ಹಸುಗಳಿಂದ ತಿನ್ನಿಸಿ, ಅದರ ಮೇಲೆ ಉರುಳಿದರಾಯಿತು. ಸಂಪ್ರದಾಯವೂ ಉಳಿಯಿತು, ಸಂವಿಧಾನವೂ ಉಳಿಯಿತು, ಹಸುವಿನ ಹೊಟ್ಟೆಯೂ ತುಂಬಿತು. ಉರುಳುವವನ ಜಾಗ ಮಾತ್ರ ನೆಲದ ಮೇಲೆ, ಮೊದಲಿದ್ದಲ್ಲೇ.

ಇಂಥದೇ ಬುದ್ಧಿ ಕಾಡುಗೊಲ್ಲರ ಹಟ್ಟಿಗಳಲ್ಲೂ ಓಡಿತು. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇಡುವುದು ಅಮಾನವೀಯ ಎಂದು ಗಲಾಟೆಯಾದಾಗ ಕೆಲವು ಕಡೆ ಸರ್ಕಾರದ ದುಡ್ಡಿನಲ್ಲೇ ಅವರಿಗೆಂದು ಸಿಮೆಂಟಿನ ಭವನ ಎದ್ದಿತು. ಹೊರಗಿಡುವುದು ತಪ್ಪಲ್ಲ, ತಾರಸಿ ಇಲ್ಲದ ಕಡೆ ಹೊರಗಿಡುವುದು ತಪ್ಪು! 2023ರ ಮಳೆಗಾಲದಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಬಾಣಂತಿಯನ್ನು ಕೂಸಿನ ಸಮೇತ ಹೀಗೆ ಹೊರಗಿಟ್ಟಿದ್ದರು. ಶೀತ ಹಿಡಿದು ಕೂಸು ಸತ್ತಿತು. ದೇವರಿಗೆ ಸೂತಕ ತಗಲಬಾರದು ಎಂಬುದು ಕಾರಣ.

ಸಂಸ್ಕೃತಿ ಅಧ್ಯಯನಕ್ಕೆಂದು ಹಟ್ಟಿಗೆ ಹೋಗುವವರು ಮೊದಲು ಮಾತಾಡಿಸುವುದು ಕಟ್ಟೆಯ ಮೇಲೆ ಕೂತ ಯಜಮಾನರನ್ನು. ‘ನಮ್ಮ ಹೆಣ್ಮಕ್ಕಳೇ ಒಪ್ಪಿ ಹೋಗ್ತಾರೆ ಸ್ವಾಮಿ’ ಎಂದು ಅವರು ಹೇಳುತ್ತಾರೆ, ಇವರು ಬರೆದುಕೊಳ್ಳುತ್ತಾರೆ. ಒಪ್ಪಿದವಳನ್ನು ಕೇಳೋಣವೆಂದರೆ ಆಕೆ ಊರೊಳಗೆ ಬರುವಂತಿಲ್ಲ.

2017ರಲ್ಲಿ ನಮ್ಮ ವಿಧಾನಮಂಡಲ ಅಮಾನವೀಯ ಆಚರಣೆಗಳ ವಿರುದ್ಧ ಕಾನೂನು ಮಾಡಿತು, 2020ರಲ್ಲಿ ಅದು ಜಾರಿಗೂ ಬಂತು. ಎಂಜಲೆಲೆ, ಹೊರಗಿಡುವುದು ಎರಡೂ ಅದರಲ್ಲಿ ಅಪರಾಧ. ವಾಸ್ತು, ಜ್ಯೋತಿಷ್ಯಕ್ಕೆ ವಿನಾಯಿತಿ. ಬಾಗಿಲು ಯಾವ ದಿಕ್ಕಿಗಿರಬೇಕು ಎಂಬುದು ಶಾಸಕರ ಸ್ವಂತ ಸಂಸ್ಕೃತಿ ನೋಡಿ.

ಇಷ್ಟಕ್ಕೂ ಈ ಸಹನೆಗೆ ಎಲ್ಲೆಯೇ ಇಲ್ಲವೆ? ಉಂಟು. ಅದನ್ನು ತತ್ವಶಾಸ್ತ್ರದಲ್ಲಿ ಹುಡುಕಬೇಡಿ, ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹೋಗಿ. ಕಾರವಾರದ ಕಡೆಯವರು ಬಾಡಿಗೆಗೆ ಬಂದಿದ್ದಾರೆ. ಭಾನುವಾರ ಬೆಳಿಗ್ಗೆ ಒಲೆಯ ಮೇಲೆ ಒಣಮೀನು ಚುರ್ರೆನ್ನುತ್ತದೆ. ಸುಬ್ರಹ್ಮಣ್ಯದ ಎಲೆಗೂ ಹಟ್ಟಿಯ ಗುಡಿಸಲಿಗೂ ಕದಲದ ನಮ್ಮ ವ್ರತಧಾರಿ, ಬನಿಯನ್ನಿನಲ್ಲೇ ಇಳಿದು ಬಂದು ಗಂಟೆ ಒತ್ತುತ್ತಾರೆ.

‘ಏನ್ರೀ ಇದು ವಾಸನೆ? ಸಂಸಾರಸ್ಥರು ಇರೋ ಜಾಗ ಇದು.’

‘ನಮ್ಮ ಕಡೆ ಪದ್ಧತಿ ಅಂಕಲ್, ಭಾನುವಾರ...’

‘ಪದ್ಧತಿಗಿದ್ಧತಿ ಎಲ್ಲ ನಿಮ್ಮ ಊರಲ್ಲಿ ಇಟ್ಕೊಳ್ಳಿ!’

ಮಧ್ಯಾಹ್ನದೊಳಗೆ ಸಂಘದ ಕಮಿಟಿ ಸೇರಿ ನೋಟಿಸು ಸಿದ್ಧವಾಯಿತು: ‘ಎಲ್ಲರ ಭಾವನೆಗಳನ್ನೂ ಗೌರವಿಸಿ’. ಅದನ್ನು ಎರಡೂ ಲಿಫ್ಟುಗಳಲ್ಲಿ ಅಂಟಿಸಿದರು, ನಿವಾಸಿಗಳ ಲಿಫ್ಟಿನಲ್ಲೊಂದು, ಮನೆಗೆಲಸದವರ ಲಿಫ್ಟಿನಲ್ಲೊಂದು.