ಚಿಗರಿಗೆ ಮೇವು ಬಿತ್ತುವ ಮೊದಲು ಕರಿಕೆಯ ಲೆಕ್ಕ ಮುಗಿಸಿ

ಗಾಯರಾಣದ, ಅಂದರೆ ಊರ ಗೋಮಾಳದ, ಹುಲ್ಲು ಹರಗಿ ಚಿಗರಿಗಳಿಗೆ (ಕೃಷ್ಣಮೃಗಗಳಿಗೆ) ಬರ್ಸೀಮ್ ಬಿತ್ತೋಣ ಎಂದು ನಮ್ಮೂರಿನ ಹುಡುಗರು ಓಡಾಡುತ್ತಿದ್ದಾರೆ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳಿಗೆಂದೇ ಕ್ಲೋವರ್ ಬೆಳೆಯುವ ವಿಡಿಯೊ ನೋಡಿದ್ದಾರಂತೆ. ಬರ್ಸೀಮ್ ಅದೇ ಕುಲದ ಮೇವು. ಅಲ್ಲಿ ಹಾಗೆ ಬಿತ್ತುವವರಲ್ಲಿ ಬೇಟೆಗಾರರೇ ಬಹಳ. ಇಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಚಿಗರಿ ಬೇಟೆ ದೊಡ್ಡ ಅಪರಾಧ. ನಮ್ಮ ಹುಡುಗರ ಮನಸ್ಸಿನಲ್ಲಿರುವುದು ಪ್ರೀತಿ ಮಾತ್ರ. ಅದಕ್ಕೇ ಬೈಯದೆ, ಬಿಡಿಸಿ ಬರೆಯುತ್ತಿದ್ದೇನೆ.

ಗಾಯರಾಣ ಮುಟ್ಟಬೇಡಿ. ಬೀದರ್ ಸುತ್ತಲಿನ ಆ ಹುಲ್ಲು ನಿಮ್ಮ ಕಣ್ಣಿಗೆ ಪಾಳು ಕಾಣಬಹುದು. ಚಿಗರಿ ಮೇಯುವುದು ಮುಖ್ಯವಾಗಿ ಹುಲ್ಲನ್ನೇ. ನೆಲಗುಬ್ಬಿ ಮೊಟ್ಟೆ ಇಡುವುದು ಆ ಹುಲ್ಲಿನ ಬುಡದಲ್ಲಿಯೇ. ಅದನ್ನು ಉತ್ತು ಮೇವು ಬಿತ್ತುವುದೆಂದರೆ ಒಬ್ಬರ ಮನೆ ಕೆಡವಿ ಅವರಿಗೇ ಊಟ ಬಡಿಸಿದಂತೆ.

ಬಿತ್ತಲೇಬೇಕೆಂದರೆ ಸ್ವಂತ ಹೊಲದಲ್ಲಿ ಕರಿಕೆ (ಗರಿಕೆ ಹುಲ್ಲು) ಹಿಡಿದು ಬೆಳೆ ಬಾರದ ಮೂಲೆಯೊಂದು ಇದ್ದೇ ಇರುತ್ತದೆ. ನನ್ನದು ಬಾವಿಯ ಪಕ್ಕದ ಇಪ್ಪತ್ತು ಗುಂಟೆ. ಮೊದಲ ವರ್ಷ ಜೂನ್ ಮಳೆ ಬಿದ್ದ ಕೂಡಲೇ ಎರಡು ಸಲ ರೋಟವೇಟರ್ ಹೊಡೆಸಿದೆ. ಮಣ್ಣು ಹಿಟ್ಟಿನಂತಾಯಿತು, ಹಸನಾಯಿತು ಎಂದುಕೊಂಡೆ. ಕರಿಕೆಯ ಒಂದೊಂದು ಗೆಣ್ಣೂ ಒಂದೊಂದು ಗಿಡ. ರೋಟವೇಟರ್ ಒಂದು ಬೇರನ್ನು ಹತ್ತು ತುಂಡು ಮಾಡಿತು, ಮಳೆ ಹತ್ತನ್ನೂ ನಾಟಿ ಮಾಡಿತು. ಚಳಿಗಾಲಕ್ಕೆ ಬಿತ್ತಿದ ಬರ್ಸೀಮ್ ಆ ಹುಲ್ಲಿನೊಳಗೆ ಹುಟ್ಟಿತೋ ಇಲ್ಲವೋ, ನನಗೆ ಕಾಣಲೇ ಇಲ್ಲ.

ಮರುವರ್ಷ ಬೇಸಿಗೆಯನ್ನೇ ಕೆಲಸಕ್ಕೆ ಹಚ್ಚಿದೆ. ಮಾರ್ಚ್‌ನಲ್ಲಿ ಪಲ್ಟಿ ನೇಗಿಲಿನಿಂದ ಆಳವಾಗಿ ಉಳುಮೆ ಮಾಡಿಸಿ, ಹೆಂಟೆಗಳನ್ನು ಒಡೆಯದೆ ಹಾಗೆಯೇ ಬಿಟ್ಟೆ. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲು ಒಂದು ತಿಂಗಳು ಬಡಿಯಿತು. ಆಮೇಲೆ ಕುಂಟೆ ಹೊಡೆದು, ಮೇಲೆ ಬಂದ ಬೇರನ್ನು ಕೈಯಿಂದ ಆರಿಸಿ ಬದುವಿನ ಮೇಲೆ ಗುಡ್ಡೆ ಹಾಕಿದೆವು. ವಾರದ ನಂತರ ಗುಡ್ಡೆಯ ನಡುವಿನಿಂದ ಒಂದು ಬೇರು ಎಳೆದು ನೋಡಿದೆ. ಮೇಲೆಲ್ಲ ಒಣ ದಾರ. ಉಗುರಿನಿಂದ ಗೆಣ್ಣು ಸೀಳಿದರೆ ಒಳಗೆ ಬೆಳ್ಳಗೆ, ಹಸಿಯಾಗಿ ಜೀವ ಹಿಡಿದುಕೊಂಡಿತ್ತು. ಗುಡ್ಡೆ ಕೆದರಿ ಮತ್ತೆ ಬಿಸಿಲಿಗೆ ಹರವಿದೆವು.

ಕಳೆನಾಶಕದ ಮಾತು ಬಂದೇ ಬರುತ್ತದೆ. ಮೇ ತಿಂಗಳಲ್ಲಿ ಒಣಗಿದ ಹುಲ್ಲಿಗೆ ಗ್ಲೈಫೋಸೇಟ್ ಹೊಡೆದರೆ ದುಡ್ಡು ಮಣ್ಣುಪಾಲು. ಅದು ಬೇರಿಗೆ ಇಳಿಯಬೇಕಾದರೆ ಎಲೆ ಹಸಿರಾಗಿ ಬೆಳೆಯುತ್ತಿರಬೇಕು. ನಾನು ಅದನ್ನು ಮುಟ್ಟಲಿಲ್ಲ. ಮುಂಗಾರಿಗೆ ಸೆಣಬು ಒತ್ತಾಗಿ ಬಿತ್ತಿದೆ. ಕರಿಕೆ ಬಿಸಿಲು ತಡೆಯುತ್ತದೆ, ನೆರಳು ತಡೆಯುವುದಿಲ್ಲ. ಸೆಣಬು ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದಾಗ ಅಡಿಯಲ್ಲಿ ಹಳದಿಗಟ್ಟಿದ ನಾಲ್ಕು ಎಳೆ ಉಳಿದಿದ್ದವು ಅಷ್ಟೇ. ಗೊಬ್ಬರವೂ ಆಯಿತು.

ಸೀಗಿ ಹುಣ್ಣಿಮೆ ಕಳೆದು ಚಳಿ ಹತ್ತಿದ ಮೇಲೆ ಬಿತ್ತನೆ. ಇಪ್ಪತ್ತು ಗುಂಟೆಗೆ ಐದು ಕಿಲೊ ಬೀಜ ಸಾಕು. ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದಿಡುವ ಸೂಕ್ಷ್ಮಜೀವಿಯ ಗೊಬ್ಬರವಾದ ರೈಜೋಬಿಯಂ ಅನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ ನೆರಳಿನಲ್ಲಿ ಆರಿಸಿ. ಬರ್ಸೀಮ್‌ಗೆ ಹೊಂದುವುದನ್ನೇ ಕೇಳಿ ತನ್ನಿ, ತೊಗರಿಯದು ನಡೆಯುವುದಿಲ್ಲ. ನೆಲ ನುಣ್ಣಗಿದ್ದರೆ ಸಾಲದು, ಗಟ್ಟಿಯಾಗಿಯೂ ಇರಬೇಕು, ಹೆಜ್ಜೆ ಇಟ್ಟರೆ ಹಿಮ್ಮಡಿ ಹೂಳಬಾರದು. ಬೀಜ ಸಾಸಿವೆಯ ಹಾಗೆ ಸಣ್ಣದು, ಒಂದು ಇಂಚು ಆಳಕ್ಕೆ ಹೋದರೆ ಮೇಲೆ ಬರುವುದೇ ಕಷ್ಟ. ಮರಳಿನಲ್ಲಿ ಬೆರೆಸಿ ಚೆಲ್ಲಿ, ಜಾಲಿಯ ಕೊಂಬೆಯೊಂದನ್ನು ಮೇಲೆ ಹಗುರವಾಗಿ ಎಳೆದೆ. ನೀರಿನ ಆಸರೆ ಇಲ್ಲದವರು ಇದಕ್ಕೆ ಕೈ ಹಾಕಬೇಡಿ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಚರಗ ಚೆಲ್ಲಲು ಹೋದಾಗ ತೇವದ ಮಣ್ಣಿನಲ್ಲಿ ಸೀಳುಗೊರಸಿನ ಹೆಜ್ಜೆಗಳಿದ್ದವು, ಎಲೆಗಳ ತುದಿ ಒಂದೇ ಎತ್ತರಕ್ಕೆ ಕತ್ತರಿಸಿದಂತಿತ್ತು. ಪಕ್ಕದ ಕಡಲೆಯನ್ನು ಅವು ಬಿಟ್ಟವು ಎಂದರೆ ಸುಳ್ಳಾಗುತ್ತದೆ, ಎರಡನ್ನೂ ಮೇಯ್ದಿದ್ದವು. ನನಗೆ ಬೇಸರವಿಲ್ಲ.

ಗ್ರಾಮಸಭೆಯಲ್ಲಿ ಗಾಯರಾಣದ ಮಾತು ಬಂದರೆ ಎದ್ದು ನಿಂತು ಬೇಡ ಎನ್ನುತ್ತೇನೆ. ಟ್ರ್ಯಾಕ್ಟರ್ ಗೊತ್ತು ಮಾಡಿರುವ ತಮ್ಮಂದಿರೇ, ಮೊದಲು ನನ್ನ ಹೊಲಕ್ಕೆ ಬನ್ನಿ. ಬೀಜ ನಾನೇ ಕೊಡುತ್ತೇನೆ.